ಸೀರಿಯಸ್ ಐತಿ, ಲಗೂನ ಬಾ

ಫೋನು ಬಂದಾಗ ನಾನು ಹತ್ತನೇ ತರಗತಿಗೆ 'ಪರ್‍ಹ್ಯಾಪ್ಸ್' ಕಲಿಸುತ್ತಿದ್ದೆ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಾಸ್ತರ. ಈ ಪಾಠವನ್ನು ಪ್ರತಿ ವರ್ಷ ಒಂದೇ ರೀತಿ ಮಾಡುತ್ತೇನೆ. ಹಲಗೆಯ ಮೇಲೆ ಒಂದು ನಿಚ್ಚಣಿಕೆ ಬರೆಯುತ್ತೇನೆ. ಮೇಲಿನ ಮೆಟ್ಟಿಲಿಗೆ 'ಸರ್ಟನ್ಲಿ', ಅದರ ಕೆಳಗೆ 'ಪ್ರಾಬಬ್ಲಿ', ಇನ್ನೂ ಕೆಳಗೆ 'ಪರ್‍ಹ್ಯಾಪ್ಸ್', 'ಮೇಬಿ'. ಆಮೇಲೆ ಯಾವುದು ಎಲ್ಲಿ ಕೂರಬೇಕು ಅನ್ನುವುದು. ಪರ್‍ಹ್ಯಾಪ್ಸ್ ಸಾಮಾನ್ಯವಾಗಿ ವಾಕ್ಯದ ತಲೆಗೇ ಬರುತ್ತದೆ: ಪರ್‍ಹ್ಯಾಪ್ಸ್ ಹಿ ವಿಲ್ ಕಮ್. ಪ್ರಾಬಬ್ಲಿ ನಡುವೆ ತೂರಿಕೊಳ್ಳುತ್ತದೆ: ಹಿ ವಿಲ್ ಪ್ರಾಬಬ್ಲಿ ಕಮ್. ನಮ್ಮ ಮಕ್ಕಳಿಗೆ ಇದು ಕಷ್ಟ. ಕನ್ನಡದಲ್ಲಿ ನಾವು ಸಂಶಯವನ್ನು ಮಾತಿನ ಬಾಲಕ್ಕೆ ಕಟ್ಟುತ್ತೇವೆ, 'ಬರಬಹುದು' ಅಂತ. ಕೊನೆಯ ಅಕ್ಷರ ಬರುವವರೆಗೂ ಕೇಳುವವನು ಬಾಯಿ ತೆರೆದು ಕೂರಬೇಕು. ಇಂಗ್ಲಿಷಿನವರು ಬಾಗಿಲಲ್ಲೇ ಹೇಳಿ ಒಳಗೆ ಕರೆಯುತ್ತಾರೆ.

ಅವತ್ತು ಒಬ್ಬ ಹುಡುಗ 'ಪರ್‍ಹ್ಯಾಪ್ಸ್ ಅವರ್ ಸ್ಕೂಲ್ ಈಸ್ ಇನ್ ಲಿಂಗಸುಗೂರ್' ಅಂತ ಬರೆದು ತಂದಿದ್ದ. ನನಗೆ ಸಿಟ್ಟು ಬೇಗ. "ಲೇ, ನೀ ಕುಂತಿರೋ ಊರಿನ ಮ್ಯಾಲೆ ನಿನಗ ಸಂಶೇ ಐತೇನಲೇ?" ಅಂದೆ. ತರಗತಿ ನಕ್ಕಿತು. ಆಮೇಲೆ ನನ್ನ ವಾರ್ಷಿಕ ಭಾಷಣ ಬಿಗಿದೆ. ಕಣ್ಣಾರೆ ಕಂಡದ್ದಕ್ಕೆ ಪರ್‍ಹ್ಯಾಪ್ಸ್ ಬೇಡ, ಊಹಿಸಿದ್ದಕ್ಕೆ ಅದಿಲ್ಲದೆ ನಡೆಯುವುದಿಲ್ಲ; ಬೇಡದ ಕಡೆ ಹಾಕಿದವನು ಬರೀ ದಡ್ಡ, ಬೇಕಾದ ಕಡೆ ಬಿಟ್ಟವನು ಸುಳ್ಳುಗಾರ. ಹೀಗೆಲ್ಲ ಹೇಳುವುದು ನನಗೆ ಇಷ್ಟ. ಮಾಸ್ತರಿಕೆಯಲ್ಲಿ ಸಿಗುವ ಸುಖ ಇಂಥದ್ದೇ.

ಜೇಬಿನಲ್ಲಿ ಫೋನು ಗುರ್ ಅಂದಿತು. ನೋಡಿದರೆ ತುರ್ವಿಹಾಳದ ಮಾವ. ಮಾವ ಅಂದರೆ ನನ್ನ ಅಕ್ಕನ ಗಂಡ, ನಮ್ಮ ಅವ್ವನ ತಮ್ಮನೂ ಹೌದು. ನಮ್ಮ ಕಡೆ ಸೋದರಮಾವನಿಗೇ ಕೊಡುವುದು ಮಾಮೂಲು. ಎರಡು ದಿನದ ಹಿಂದೆ ಅಕ್ಕನನ್ನು ಜ್ವರ ಅಂತ ಸಿಂಧನೂರಿನ ಒಂದು ದವಾಖಾನೆಗೆ ಸೇರಿಸಿದ್ದರು. ಡೆಂಗಿ ಅಂದಿದ್ದರು, ಗ್ಲುಕೋಸ್ ಹಚ್ಚಿದ್ದಾರೆ, ಕಡಿಮೆ ಆಗುತ್ತದೆ ಅಂದಿದ್ದರು. ಭಾನುವಾರ ಬರುತ್ತೇನೆ ಅಂತ ನಾನು ಹೇಳಿದ್ದೆ.

ಪಡಸಾಲೆಗೆ ಬಂದು ಫೋನು ಎತ್ತಿದೆ.

"ಅಕ್ಕಗ ಭಾಳ ಸೀರಿಯಸ್ ಐತಿ," ಅಂದ ಮಾವ. "ಲಗೂನ ಬಾ."

"ಹೂಂ," ಅಂದೆ. ಅವನು ಇಟ್ಟ. ನಾನೂ ಇಟ್ಟೆ. ನನ್ನ ಅಕ್ಕ ಸತ್ತಿದ್ದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ನಮ್ಮಲ್ಲಿ ಸತ್ತ ಸುದ್ದಿಯನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ದೂರದಲ್ಲಿ ಇರುವವನು ಒಬ್ಬನೇ ಇರುತ್ತಾನೆ, ಬಸ್ಸಿನಲ್ಲಿ ಎದೆ ಒಡೆದುಕೊಂಡಾನು ಅಂತ. ಅದಕ್ಕೇ 'ಸೀರಿಯಸ್ ಐತಿ, ಲಗೂನ ಬಾ' ಅನ್ನುತ್ತಾರೆ. ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಕೇಳಿದವನು 'ಜೀವ ಐತೇನು?' ಅಂತ ತಿರುಗಿ ಕೇಳಬಾರದು. ಹಾಗೆ ಕೇಳುವುದು ಅಪಶಕುನ, ಮೇಲಾಗಿ ಒರಟುತನ.

ಇದನ್ನು ನಾನು ಬೈಸಿಕೊಂಡು ಕಲಿತವನು. ಅಪ್ಪ ಸತ್ತಾಗ ಕಾಲೇಜಿನಲ್ಲಿದ್ದೆ. 'ಅಪ್ಪಗ ಸೀರಿಯಸ್ ಐತಿ' ಅಂದದ್ದನ್ನು ನಂಬಿ ಒಂದು ಡಜನ್ ಮೋಸಂಬಿ ತೆಗೆದುಕೊಂಡು ನಮ್ಮೂರು ಮುಕ್ಕುಂದಕ್ಕೆ ಹೋದೆ. ಅಪ್ಪನನ್ನು ಆಗಲೇ ಮೈ ತೊಳೆದು, ವಿಭೂತಿ ಹಚ್ಚಿ, ಕಟ್ಟೆಯ ಮೇಲೆ ಕೂರಿಸಿದ್ದರು. ಹೆಂಗಸರು ನನ್ನ ಕೈಚೀಲದ ಮೋಸಂಬಿ ನೋಡಿ ಇನ್ನೂ ಜೋರಾಗಿ ಅತ್ತರು. ಒಬ್ಬ ಮುದುಕ, "ಇಷ್ಟು ಓದ್ಯಾನ, ಇಷ್ಟೂ ತಿಳೀಲಿಲ್ಲ ನೋಡು," ಅಂದ. ಆ ಮೋಸಂಬಿಯ ನಾಚಿಕೆ ಇನ್ನೂ ಹೋಗಿಲ್ಲ.

ಹೆಡ್ ಮಾಸ್ತರರ ಕೋಣೆಗೆ ಹೋಗಿ, "ಅಕ್ಕಗ ಸೀರಿಯಸ್ ಐತಂತ್ರಿ ಸರ್," ಅಂದೆ. ಅವರು ಎದ್ದು ನಿಂತರು. ಕನ್ನಡಕ ತೆಗೆದು, "ಮಣ್ಣು ಯಾವಾಗ್ರಿ?" ಅಂದರು.

"ಸಂಜಿಗೆ ಇರಬೋದ್ರಿ," ಅಂದೆ.

ಆಡಿದ ಮಾತು ಆ ಕ್ಷಣ ನನ್ನ ಕಿವಿಗೆ ಬೀಳಲಿಲ್ಲ. ಆಮೇಲೆ ಎಷ್ಟೋ ಸಲ ಬಿದ್ದಿದೆ. ಹೊತ್ತಿನ ಬಗ್ಗೆ ನನಗೆ ಸಂಶಯವಿತ್ತು, ಸಾವಿನ ಬಗ್ಗೆ ಇರಲಿಲ್ಲ.

ಹೆಂಡತಿ ಆಗ ತವರಿಗೆ ಹೋಗಿದ್ದಳು. ಅವಳಿಗೂ ಫೋನು ಮಾಡಿ ಅದೇ ಮಾತು ಹೇಳಿದೆ. ಅವಳು ಆ ಕಡೆಯಿಂದ ಅಳುತ್ತಲೇ, "ಹಸರು ಸೀರಿ ಮರೀಬ್ಯಾಡ್ರಿ. ತವರಾಗ ನೀವೊಬ್ರ ಉಳದೀರಿ," ಅಂದಳು. ನನಗೂ ಅದೇ ತಲೆಯಲ್ಲಿತ್ತು. ಗಂಡ ಇರುವಾಗಲೇ ಹೋದ ಹೆಣ್ಣಿಗೆ ತವರಿನ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕಳಿಸಬೇಕು. ತವರಿನ ಸೀರೆ ಬರದೆ ಹೆಣ ಎತ್ತುವುದಿಲ್ಲ. ಅವ್ವ ನಾನು ಏಳನೇ ತರಗತಿಯಲ್ಲಿದ್ದಾಗ ಹೋದಳು. ಅಲ್ಲಿಂದ ಮುಂದೆ ಅಕ್ಕನೇ ನನ್ನ ಅವ್ವ. ಊರವರ ಗದ್ದೆಗಳಲ್ಲಿ ನಾಟಿ ಹಚ್ಚಿ ಬಂದು, ನೀರಿನಲ್ಲಿ ನೆನೆದು ಬೆಳ್ಳಗಾದ ಪಾದಗಳನ್ನು ಒಲೆಯ ಕಡೆ ಚಾಚಿ ಕುಳಿತು, "ಇವತ್ತೇನ್ ಕಲ್ತಿ, ಇಂಗ್ಲೀಷಿನ್ಯಾಗ ಹೇಳು," ಅನ್ನುತ್ತಿದ್ದಳು. ಒಂದಕ್ಷರ ತಿಳಿಯುತ್ತಿರಲಿಲ್ಲ, ಪೂರ್ತಿ ಕೇಳುತ್ತಿದ್ದಳು. ನಾನು ಮಾಸ್ತರ ಆಗಿದ್ದರೆ ಅವಳಿಂದ. ಅವಳ ಮೇಲೆ ನನಗಿದ್ದಷ್ಟು ಪ್ರೀತಿ ಇನ್ಯಾರ ಮೇಲೂ ಇರಲಿಲ್ಲ, ಇದನ್ನು ಹೆಂಡತಿಯ ಎದುರಿಗೂ ಹೇಳಿದ್ದೇನೆ.

ಸತ್ತ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಸಂಜೆಯ ಮೇಲೂ ಮಣ್ಣು ಮುಗಿಸಿ ಮೈ ತೊಳೆಯುವವರೆಗೆ ಏನೂ ಸಿಗುವುದಿಲ್ಲ. ತಿಳಿದವರು ಉಂಡು ಹೋಗುತ್ತಾರೆ. ನಾನು ಖಾನಾವಳಿಯಲ್ಲಿ ಕುಳಿತು ಎರಡು ರೊಟ್ಟಿ, ಬದನೆಕಾಯಿ ಪಲ್ಯ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತದೆ. ಇಳಿಯಿತು. ಅನ್ನವನ್ನೂ ಹಾಕಿಸಿಕೊಂಡೆ.

ಬಸ್ಸಿನಲ್ಲಿ ಅಳು ಬಂತು. ಮಸ್ಕಿ ಬಂದಾಗ ಕಣ್ಣು ಒರೆಸಿಕೊಂಡು ಇಳಿದೆ, ಸೀರೆಗಾಗಿ. ಅಂಗಡಿಯವನು ಬಣ್ಣ ಬಣ್ಣದ್ದು ಬಿಚ್ಚತೊಡಗಿದ. "ಹಸರು ಬೇಕು. ತವರಿಂದು," ಅಂದೆ. ಅವನು ಉಳಿದವನ್ನೆಲ್ಲ ಮಡಚಿಟ್ಟು, ದನಿ ತಗ್ಗಿಸಿ, ಒಳಗಿನ ಕಪಾಟಿನಿಂದ ತಂದ. ಮೊದಲು ತೋರಿಸಿದ್ದು ತೆಳುವಾಗಿತ್ತು, ಬೇಡ ಅಂದೆ. ಎರಡನೆಯದರ ಅಂಚು ಸರಿಯಿರಲಿಲ್ಲ. ಅಕ್ಕ ಜೀವಮಾನದಲ್ಲಿ ಒಂದು ಒಳ್ಳೆಯ ಸೀರೆ ಉಟ್ಟವಳಲ್ಲ, ಹೋಗುವಾಗಲಾದರೂ ಉಡಲಿ ಅಂತ ಹಟ ನನಗೆ. ಅಗಲ ಅಂಚಿನ ಇಳಕಲ್ ಸೀರೆ ಸಿಗುವವರೆಗೆ ಬಿಡಲಿಲ್ಲ. ಅರ್ಧ ತಾಸಿಗೂ ಹೆಚ್ಚು ಹೊತ್ತು ಕುಳಿತೆ. ಅಂಗಡಿಯವನು, "ಅವರ ಮ್ಯಾಲೆ ಭಾಳ ಮಾಯಾ-ಮಮತಾ ಇತ್ತು ಕಾಣಸ್ತೈತ್ರಿ," ಅಂದ. ಆಮೇಲೆ ಬಳೆ, ಅರಿಷಿಣ, ಕುಂಕುಮ. ಕೊನೆಗೆ ಸೇವಂತಿಗೆಯ ದಪ್ಪ ಮಾಲೆ. ಅಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು.

ಮಸ್ಕಿ ಬಿಟ್ಟ ಮೇಲೆ ಫೋನು ಬಂತು. ಮಾವನದೇ. ಎತ್ತಲಿಲ್ಲ. 'ಎಲ್ಲಿ ಅದಿ, ಸೀರಿ ತಂದಿಯೇನು, ಕುಣಿ ತೆಗಿಯಾಕತ್ತಾರ' ಅನ್ನುತ್ತಾನೆ, ನಾನು ಬಸ್ಸಿನ ತುಂಬ ಜನರ ಎದುರು ಗೋಳೋ ಅನ್ನಬೇಕಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಫೋನಿನ ದನಿ ತೆಗೆದು ಜೇಬಿಗೆ ಹಾಕಿಕೊಂಡೆ.

ಸಿಂಧನೂರಿನಲ್ಲಿ ಇಳಿದೆ. ಆ ದವಾಖಾನೆ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟೇ ದೂರ. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಹೆಣವನ್ನು ದವಾಖಾನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ, ಊರಿಗೆ ಒಯ್ದಿರುತ್ತಾರೆ. ತುರ್ವಿಹಾಳದ ಬಸ್ಸು ಹತ್ತಿದೆ. ನನ್ನ ಕೈಯಲ್ಲಿದ್ದ ಮಾಲೆ ನೋಡಿ ಒಬ್ಬ ಹೆಣ್ಣುಮಗಳು ಎದ್ದು ಜಾಗ ಬಿಟ್ಟಳು.

ಅಕ್ಕನ ಓಣಿಯ ತಿರುವಿನಲ್ಲಿ ಸಾವಿನ ಮನೆಯ ಮುಂದೆ ಬಡಿಯುವ ಹಲಗೆಯ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ಶಾಮಿಯಾನ ಇರಲಿಲ್ಲ, ಜನ ಇರಲಿಲ್ಲ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯೊಳಗಿನ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಮಾಲೆಯನ್ನು ನೋಡಿದಳು.

"ಏನ್ ಮಾಸ್ತರ, ಹಿಂಗ ಬಂದೀರಿ?" ಅಂದಳು. "ಎಲ್ಲಾರೂ ದವಾಖಾನ್ಯಾಗ ಅದಾರಲ್ಲ. ನಿಮ್ಮನ್ನ ಕಾಯಾಕತ್ತಾರಂತ."

"ಅಕ್ಕ?" ಅಂದೆ.

"ಅಕೀನೂ ಅಲ್ಲೇ ಅದಾಳ. ರಾಯಚೂರಿಗಿ ಒಯ್ಯಬೇಕಂತ. ನೀವು ಬರದ ಹ್ಯಾಂಗ ಒಯ್ತಾರ?"

ಆ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮುದುಕಿ ಮೊರವನ್ನು ತನ್ನ ಕಡೆ ಎಳೆದುಕೊಂಡು ಮೆಲ್ಲಗೆ, "ಅದನ್ನ ಇಲ್ಲಿ ಇಡಬ್ಯಾಡೋ ಯಪ್ಪಾ," ಅಂದಳು. ಅವಳು ಮಾಲೆಯ ಬಗ್ಗೆ ಹೇಳಿದ್ದಳು.

ಒಂದು ಟಂಟಂ ಆಟೋ ಹಿಡಿದು ಸಿಂಧನೂರಿಗೆ ತಿರುಗಿದೆ. ಕಾಲುವೆಯ ಸೇತುವೆಯ ಮೇಲೆ ನಿಲ್ಲಿಸಿ ಮಾಲೆಯನ್ನು ನೀರಿಗೆ ಎಸೆದೆ. ಸೀರೆಯ ಚೀಲವನ್ನು ಎಸೆಯಲು ಕೈ ಬರಲಿಲ್ಲ. ಬದುಕಿರುವವಳ ಹೆಸರಿನಲ್ಲಿ ತಂದ ಸೀರೆಯನ್ನು ನೀರಿಗೆ ಬಿಟ್ಟರೆ ಏನು ಅರ್ಥ ಬರುತ್ತದೋ ಅನ್ನಿಸಿತು. ಓದಿದವನಿಗೂ ಇಂಥ ಹೆದರಿಕೆ ಇರುತ್ತದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಲೆಕ್ಕ: ನೆಟ್ಟಗೆ ಬಂದಿದ್ದರೆ ಒಂದು ಗಂಟೆಗೆ ಅವಳ ಹತ್ತಿರ ಇರುತ್ತಿದ್ದೆ. ಈಗ ನಾಲ್ಕು.

ದವಾಖಾನೆಯ ಮೆಟ್ಟಿಲ ಮೇಲೆ ಮಾವ ಕುಳಿತಿದ್ದ. ನನ್ನನ್ನು ನೋಡಿ ಅವನ ಮುಖಕ್ಕೆ ಜೀವ ಬಂತು. ಆ ಮುಖ ನನಗೆ ಮರೆಯಲು ಆಗುತ್ತಿಲ್ಲ. "ಬಂದಿ? ಹೋಗಿ ಡಾಕ್ಟರ್ ಕೂಡ ಮಾತಾಡು," ಅಂದ. "ಬಿಳಿರಕ್ತ, ಪ್ಲೇಟ್ಲೆಟ್ ಅಂತಾರಲ್ಲ, ಅವು ಪೂರಾ ಇಳದಾವಂತ. ಮುಂಜಾನಿ ಹನ್ನೊಂದಕ್ಕ ರಾಯಚೂರಿಗಿ ಒಯ್ರಿ ಅಂದ್ರು. ನೀ ಬರಲಿ ಅಂತ ಕುಂತೀವಿ."

"ಕುಂತಿದ್ದು ಯಾಕ? ಒಯ್ಯಬೇಕಿತ್ತಲ್ಲ," ಅಂದೆ. ಅಲ್ಲೂ ನನ್ನ ದನಿ ಏರಿತು.

ಅವನು ನೆಲ ನೋಡಿದ. "ಹೋದ ವರ್ಷ ನೀನ ಅಂದಿದ್ದೆಲ್ಲ, ನನ್ನ ಕೇಳದ ಯಾವ ಕಾಗದಕ್ಕೂ ಸಹಿ ಹಾಕಬ್ಯಾಡ ಅಂತ."

ಅಂದಿದ್ದೆ. ಹೋದ ವರ್ಷ ಅಕ್ಕನ ಕಣ್ಣಿನ ಆಪರೇಶನ್ನಿಗೆ ಮಾವ ಅಲ್ಲಿ ಇಲ್ಲಿ ಕೇಳಿ, ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಏನೂ ಕೆಡುಕಾಗಿರಲಿಲ್ಲ, ಕಣ್ಣು ಚೆನ್ನಾಗೇ ಆಯಿತು. ಆದರೂ ನಾನು ಹೋಗಿ, ಹತ್ತು ಜನರ ಎದುರು, ಏನು ಬರೆದಿದೆ ಅಂತ ಗೊತ್ತಿಲ್ಲದೆ ಒತ್ತಿದೆಯಲ್ಲ, ನಾನೊಬ್ಬ ಇಂಗ್ಲಿಷ್ ಓದಿದವನು ಯಾಕಿದ್ದೇನೆ ಅಂತ ಕೂಗಾಡಿದ್ದೆ. ಅವ್ವನ ತಮ್ಮ ಅನ್ನುವ ಮರ್ಯಾದೆಯನ್ನೂ ನೋಡಿರಲಿಲ್ಲ. ಅವನು ಆ ಮಾತನ್ನು ಹಾಗೇ ಇಟ್ಟುಕೊಂಡಿದ್ದ. ಅದಕ್ಕೇ ಅಂಬುಲೆನ್ಸನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಐದು ತಾಸು ನನ್ನ ದಾರಿ ಕಾದಿದ್ದ.

ಒಳಗೆ ಅಕ್ಕ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಒಸಡಿನಲ್ಲಿ ರಕ್ತ ಕಟ್ಟಿತ್ತು. ಮುಖ ಬಾತಿತ್ತು. ನನ್ನ ಗುರುತು ಹಿಡಿದಳು.

"ಬಂದಿ? ಉಂಡಿ ಇಲ್ಲ?" ಅಂದಳು.

"ಉಂಡೀನಿ," ಅಂದೆ. ನಿಜವನ್ನೇ ಹೇಳಿದೆ. ಹಾಳು ಹೊಟ್ಟೆ.

ಡಾಕ್ಟರ ಹತ್ತಿರ ಹೆಚ್ಚು ಮಾತಿರಲಿಲ್ಲ. ಅವರು ಹನ್ನೊಂದಕ್ಕೆ ಕನ್ನಡದಲ್ಲಿ ಹೇಳಿದ್ದನ್ನೇ ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಸಹಿ ಹಾಕಿದೆ. ಎರಡು ನಿಮಿಷದ ಕೆಲಸ.

ಅಂಬುಲೆನ್ಸಿನಲ್ಲಿ ಅಕ್ಕನಿಗೆ ನಡುಕ ಹತ್ತಿತು. ಜೊತೆಗಿದ್ದವನು, "ಏನಾರ ಬಟ್ಟಿ ಕೊಡ್ರಿ, ಹೊಚ್ಚಾಕ," ಅಂದ. ನಾನು ಏನಾದರೂ ಹೇಳುವ ಮುಂಚೆ ಮಾವ ನನ್ನ ಚೀಲಕ್ಕೆ ಕೈ ಹಾಕಿದ. ಹಸಿರು ಸೀರೆ ಹೊರಗೆ ಬಂತು. ಅದರ ಹಿಂದೆ ಬಳೆಯ ಕಟ್ಟು, ಅರಿಷಿಣ ಕುಂಕುಮದ ಪೊಟ್ಟಣ. ಮಾವ ಒಂದು ಸಲ ನನ್ನ ಮುಖ ನೋಡಿದ. ಬಳೆ, ಪೊಟ್ಟಣಗಳನ್ನು ಚೀಲದೊಳಗೆ ತಿರುಗಿ ಹಾಕಿ, ಸೀರೆಯ ಮಡಿಕೆ ಬಿಚ್ಚಿ ಅವಳ ಮೇಲೆ ಹೊಚ್ಚಿದ.

ಅಕ್ಕ ಕೈ ಹೊರಗೆ ತೆಗೆದು ಅಂಚನ್ನು ಮುಟ್ಟಿದಳು. "ಇಳಕಲ್ಲ?" ಅಂದಳು.

"ಹೂಂ."

"ಪಂಚಮಿಗಿ ತಂದಿಯೇನ? ಇನ್ನಾ ಹದಿನೈದ ದಿನ ಐತಲ್ಲ," ಅಂದಳು. ಅಂಚನ್ನು ಬೆರಳಿನಿಂದ ಸವರಿ, "ಛಲೋ ಐತಿ ಬಿಡು," ಅಂದಳು.

ನಾಗರಪಂಚಮಿಗೆ ಅಣ್ಣ ತಮ್ಮಂದಿರು ಸೀರೆ ಕೊಡುವುದು ನಮ್ಮಲ್ಲಿ ಪದ್ಧತಿ. ಹಾಗೆಂದೇ ತಿಳಿದುಕೊಂಡಳೋ, ಅಗಲ ಅಂಚು, ಹಸಿರು ಬಣ್ಣ, ನನ್ನ ಬಿಳಿಚಿದ ಮುಖ ನೋಡಿ ಎಲ್ಲ ತಿಳಿದು ನನ್ನ ಮಾನ ಕಾಯಲು ಹಾಗೆಂದಳೋ, ನನಗೆ ಗೊತ್ತಿಲ್ಲ. ತಿಳಿದಿರಬಹುದು. ಎಷ್ಟೋ ಹೆಣಗಳಿಗೆ ಅಂಥ ಸೀರೆ ಉಡಿಸಿದ ಕೈ ಅವಳದು.

ಮರುದಿನ ಬೆಳಗ್ಗೆ ಎಂಟಕ್ಕೆ ರಾಯಚೂರಿನಲ್ಲಿ ಹೋದಳು. ಅಲ್ಲಿಯ ಡಾಕ್ಟರು ಸಣ್ಣ ವಯಸ್ಸಿನವರು, ನನ್ನ ಹೆಗಲ ಮೇಲೆ ಕೈ ಇಟ್ಟು, "ಪರ್‍ಹ್ಯಾಪ್ಸ್, ನೀವು ನಿನ್ನೆ ಮಧ್ಯಾಹ್ನವೇ ತಂದಿದ್ದರೆ..." ಅಂದು ಅಲ್ಲಿಗೇ ನಿಲ್ಲಿಸಿದರು. ಅವರಿಗೂ ಖಾತ್ರಿ ಇರಲಿಲ್ಲ. ತಂದಿದ್ದರೂ ಉಳಿಯುತ್ತಿರಲಿಲ್ಲವೇನೋ. ಅದನ್ನು ನನಗೆ ಯಾರೂ ಇನ್ನು ಹೇಳಲಾರರು. ಹೌದು ಅಂದಿದ್ದರೆ ಅತ್ತು ಹಗುರಾಗುತ್ತಿದ್ದೆ, ಇಲ್ಲ ಅಂದಿದ್ದರೆ ಸುಮ್ಮನಾಗುತ್ತಿದ್ದೆ. ಆ ಒಂದು ಶಬ್ದ ಎರಡಕ್ಕೂ ಬಿಡುವುದಿಲ್ಲ.

ಆಮೇಲೆ ಬಂಧುಗಳಿಗೆ ಫೋನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ದವಾಖಾನೆಯ ಪಡಸಾಲೆಯಲ್ಲಿ ನಿಂತು ಒಬ್ಬೊಬ್ಬರಿಗೂ, "ಅಕ್ಕಗ ಭಾಳ ಸೀರಿಯಸ್ ಐತಿ, ಲಗೂನ ಬರ್ರಿ," ಅಂದೆ. ಬಾಯಿಗೆ ಬೇರೆ ಮಾತು ಬರಲಿಲ್ಲ. ಯಾರೂ ತಿರುಗಿ ಏನೂ ಕೇಳಲಿಲ್ಲ. ಎಲ್ಲರೂ ಮಾಲೆ ಹಿಡಿದುಕೊಂಡು ಹೊತ್ತಿಗೆ ಸರಿಯಾಗಿ ತುರ್ವಿಹಾಳಕ್ಕೆ ಬಂದರು.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಮಾವನೂ ನಾನೂ ಕಟ್ಟೆಯ ಮೇಲೆ ಕುಳಿತಿದ್ದೆವು. ನನಗೆ ತಡೆಯಲಾಗಲಿಲ್ಲ. ತಪ್ಪನ್ನು ಒಬ್ಬನೇ ಹೊರಲು ಆಗದೆ ಅವನ ಮೇಲೆ ಸ್ವಲ್ಪ ಹೊರಿಸಲು ನೋಡಿದೆ.

"ಮಾಮಾ, ಫೋನ್ಯಾಗ ನೀ ಸೀರಿಯಸ್ ಅಂದ್ರ ನಾ ಏನಂತ ತಿಳೀಲಿ?"



"ಸೀರಿಯಸ್ ಇತ್ತಪಾ," ಅಂದ. "ಇದ್ದದ್ದಕ್ಕ ಅಂದೆ. ಬ್ಯಾರೆ ಏನ್ ಅನಬೇಕಿತ್ತು, ನೀ ಕಲ್ತಾಂವ, ನೀನ ಹೇಳು."

ಆ ಮಾತನ್ನು ನಾವೆಲ್ಲ ಸತ್ತವರಿಗೇ ಖರ್ಚು ಮಾಡಿಬಿಟ್ಟಿದ್ದೆವು, ಬದುಕಿದ್ದವಳಿಗೆ ಉಳಿಸಿರಲಿಲ್ಲ.

"ಇಟ್ಟ ಮ್ಯಾಲೆ ನನಗೂ ಅನಿಸ್ತು," ಅಂದ ಮಾವ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಬ್ಯಾರೆ ತಿಳಕೊಂಡಿಯೇನೋ ಅಂತ. ಅಕಿನೂ ಅಂದ್ಲು, ಅಂವಗ ಹೇಳ್ರಿ, ನಾ ಇನ್ನಾ ಅದೀನಿ ಅಂತ. ಅದನ್ನ ಹೇಳಾಕ ಎರಡ ಸಲ ಫೋನ್ ಮಾಡಿದೆ. ಎರಡನೇ ಸಲ ಫೋನ್ ಅಕೀನ ಹಿಡಕೊಂಡಿದ್ಲು."